ಹಳೆಯ ತಳಿಗಳ ಬಿತ್ತನೆ ಬೀಜ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

1970ರಲ್ಲಿ ಅಮೆರಿಕದ ಬಹುಪಾಲು ಮೆಕ್ಕೆಜೋಳದ ಹೈಬ್ರಿಡ್‌ಗಳು ಒಂದೇ ಬಗೆಯ ತಾಯಿಸಾಲನ್ನು (ಹೈಬ್ರಿಡ್ ಬೀಜ ಪಡೆಯಲು ತಾಯಿಯಾಗಿ ಬಳಸುವ ಗಿಡಗಳ ವಂಶವನ್ನು) ನೆಚ್ಚಿಕೊಂಡಿದ್ದರಿಂದ, ಎಲೆ ಅಂಗಮಾರಿ ರೋಗವು ಫಸಲಿನ ಸುಮಾರು ಶೇ. 15ರಷ್ಟನ್ನು ನಾಶಮಾಡಿತು. ಇಂತಹ ರೋಗಗಳನ್ನು ತಡೆಯುವ ಗುಣಗಳು ಹಲವು ಬಾರಿ ಹಳೆಯ ತಳಿಗಳಲ್ಲಿಯೇ ದೊರೆತಿವೆ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಬೀಜ ಭಂಡಾರವು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೀಜಗಳನ್ನು ಕಾಪಿಡುತ್ತಿದ್ದು, ಸಿರಿಯಾದ ಯುದ್ಧದಿಂದಾಗಿ ಅಲೆಪ್ಪೊ ಸಮೀಪದ ಸಂಗ್ರಹ ಕೈಗೆಟುಕದಂತಾದಾಗ, 2015ರಲ್ಲಿ ಈ ಭಂಡಾರದಿಂದಲೇ ಬೀಜಗಳನ್ನು ಹಿಂಪಡೆದು ಮತ್ತೆ ಬೆಳೆಸಲಾಯಿತು. ಆದರೆ ಶೀತಲ ಕೋಣೆಯಲ್ಲಿರುವ ಬೀಜ ಬದಲಾಗುವ ಹವೆಗೆ ಒಗ್ಗಿಕೊಳ್ಳಲಾರದು (ಇದನ್ನು ನಾವು ಬಹಳ ಸಲ ಮರೆಯುತ್ತೇವೆ). ವರ್ಷವರ್ಷವೂ ಬಿತ್ತಿ, ಆಯ್ದು ಉಳಿಸಿಕೊಂಡ ಬೀಜ ಮಾತ್ರ ಒಗ್ಗಿಕೊಳ್ಳುತ್ತದೆ.

ತಮ್ಮಲ್ಲಿ ಹಳೆಯ ತಳಿಯ ಬೀಜವಿದ್ದಲ್ಲಿ ಅದರ ಹೆಸರು, ಬಿತ್ತನೆಯ ಕಾಲ ಹಾಗೂ ಕೊಯ್ಲಿನ ವರ್ಷವನ್ನು ಗುಂಪಿನಲ್ಲಿ ತಿಳಿಸಬೇಕಾಗಿ ವಿನಂತಿ. ಚೆನ್ನಾಗಿ ಒಣಗಿಸದ ಬೀಜವನ್ನು ದಯವಿಟ್ಟು ಡಬ್ಬಿಗೆ ತುಂಬಬೇಡಿ.