ರಾತ್ರಿ ಬಾಡಿಗೆಯಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೊಂದು ಪತ್ರ

ಮಂಡ್ಯದ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮ ಚಾಲಕರ ಸಹಕಾರ ಸಂಘದ ಗಾಡಿಗಳು ರಾತ್ರಿ ಹೊತ್ತು ಓಡುವ ರೀತಿ ಬದಲಾಗುತ್ತದೆ. ಹಗಲೆಲ್ಲ ಗಾಡಿ ಓಡಿಸಿದ ಚಾಲಕರನ್ನು ಅದೇ ರಾತ್ರಿ ಮತ್ತೊಂದು ಬಾಡಿಗೆಗೆ ಕಳುಹಿಸುವುದಿಲ್ಲ. ಏರ್‌ಪೋರ್ಟಿಗೆ ನಿಮ್ಮನ್ನು ಬಿಟ್ಟ ಚಾಲಕರು ನಡುರಾತ್ರಿಯಲ್ಲೇ ಖಾಲಿ ಗಾಡಿ ತಿರುಗಿಸಿಕೊಂಡು ವಾಪಸ್ ಬರುವುದೂ ಇಲ್ಲ. ಇದರಿಂದ ರಾತ್ರಿ ಬಾಡಿಗೆ 400 ರೂಪಾಯಿ ಜಾಸ್ತಿ ಆಗುತ್ತದೆ. ನೀವು ಮೊದಲೇ ಬುಕ್ ಮಾಡಬೇಕಾಗುತ್ತದೆ. ಕೆಲವು ಸಲ ನಾವು "ಇವತ್ತು ಆಗಲ್ಲ" ಎಂದು ಹೇಳಬೇಕಾಗುತ್ತದೆ. ಯಾಕೆ ಅನ್ನುವುದನ್ನು ಬಿಡಿಸಿ ಹೇಳೋಣವೆಂದು ಈ ಪತ್ರ ಬರೆಯುತ್ತಿದ್ದೇವೆ.

ಹೋದ ಮದುವೆ ಸೀಸನ್‌ನಲ್ಲಿ ನಡೆದದ್ದು. ನಮ್ಮ ಸಂಘದ ಹಳೆಯ ಚಾಲಕರೊಬ್ಬರು ಬೆಳಗ್ಗೆ 5ಕ್ಕೆ ಎದ್ದು ಮಳವಳ್ಳಿ ಕಡೆ ಮದುವೆ ಬಾಡಿಗೆಗೆ ಹೋದರು. ರಾತ್ರಿ 9ಕ್ಕೆ ವಾಪಸ್ ಬಂದು ಗಾಡಿ ನಿಲ್ಲಿಸಿದರು. ಅಷ್ಟರಲ್ಲಿ ಆಫೀಸಿಗೆ ಒಂದು ಅರ್ಜೆಂಟ್ ಏರ್‌ಪೋರ್ಟ್ ಬಾಡಿಗೆ ಬಂತು. ಬೇರೆ ಯಾರೂ ಸಿಗಲಿಲ್ಲ. "ಹೋಗ್ತೀನಿ ಬಿಡಿ" ಅಂದರು. ಊಟ ಮಾಡಿ ಹನ್ನೊಂದೂವರೆಗೆ ಹೊರಟರು. ಗ್ರಾಹಕರನ್ನು ಬಿಟ್ಟು ವಾಪಸ್ ಬರುವಾಗ, ನಸುಕಿನ ನಾಲ್ಕೂವರೆ ಹೊತ್ತಿಗೆ, ಮದ್ದೂರು ದಾಟಿದ ಮೇಲೆ ಕಾರು ಎಡಕ್ಕೆ ಎಳೆದು ರಸ್ತೆ ಬದಿಯ ತಡೆಗೋಡೆಗೆ ಉಜ್ಜಿಕೊಂಡು ಹೋಯಿತು. ಎಡಗಡೆಯ ಎರಡೂ ಬಾಗಿಲು ಕಿತ್ತುಹೋದವು. ಅವರಿಗೆ ಏನೂ ಆಗಲಿಲ್ಲ. "ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ. ತಗಡು ಉಜ್ಜಿದ ಸದ್ದಿಗೆ ಎಚ್ಚರ ಆಯ್ತು" ಎಂದರು.

ತಪ್ಪು ಅವರದಲ್ಲ, ನಮ್ಮದು. ಅವರು ಎದ್ದು ಇಪ್ಪತ್ಮೂರು ಗಂಟೆ ದಾಟಿತ್ತು. ಕಳುಹಿಸಿದವರು ನಾವು. ಮಾರನೆಯ ದಿನ ಆಫೀಸಿನ ಡ್ಯೂಟಿ ಪುಸ್ತಕ ತೆಗೆದು ನೋಡಿದೆವು. ಅದರಲ್ಲಿ ಕಿಲೋಮೀಟರಿಗೆ ಕಾಲಂ ಇತ್ತು, ಡೀಸೆಲ್‌ಗೆ ಕಾಲಂ ಇತ್ತು, ಟೋಲ್‌ಗೂ ಇತ್ತು. ನಿದ್ದೆಗೆ ಇರಲಿಲ್ಲ. ಈಗ ಇದೆ. ಬಾಡಿಗೆ ಕೊಡುವ ಮುಂಚೆ ಚಾಲಕರು ಎಷ್ಟು ಹೊತ್ತು ಮಲಗಿದ್ದರು ಎಂದು ಕೇಳಿ ಬರೆದುಕೊಳ್ಳುತ್ತೇವೆ.

ಕಾರು ಗಂಟೆಗೆ 90 ಕಿ.ಮೀ. ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡ್ ಜೊಂಪು ಹತ್ತಿದರೆ 100 ಮೀಟರ್. ಅಷ್ಟು ದೂರ ಗಾಡಿಗೆ ಯಜಮಾನನೇ ಇಲ್ಲ. ನಮ್ಮ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ತಿರುವು ಕಡಿಮೆ, ಹಂಪ್ ಇಲ್ಲ, ಸಿಗ್ನಲ್ ಇಲ್ಲ. 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಕೂಡ ಇಲ್ಲ. ಅದು ಒಳ್ಳೆಯದೇ. ಆದರೆ ದಣಿದ ಕಣ್ಣಿಗೆ ಅಂಥ ರಸ್ತೆ ಜೋಗುಳ ಹಾಡಿದ ಹಾಗೆ. ಅದರ ಮೇಲೆ, ನಡುರಾತ್ರಿ 2ರಿಂದ ಬೆಳಗ್ಗೆ 5ರವರೆಗೆ ಮನುಷ್ಯನ ಮೈ ತಾನಾಗಿಯೇ ನಿದ್ದೆ ಕೇಳುತ್ತದೆ. ಎಷ್ಟು ವರ್ಷದ ಅನುಭವ ಇದ್ದರೂ ಇದು ತಪ್ಪುವುದಿಲ್ಲ. ಕಿಟಕಿ ಇಳಿಸಿ, ಹಾಡು ಜೋರು ಮಾಡಿ, ಮುಖಕ್ಕೆ ನೀರು ಹಾಕಿಕೊಂಡರೆ ಐದು ನಿಮಿಷ ಎಚ್ಚರ ಅನ್ನಿಸುತ್ತದೆ, ಅಷ್ಟೆ. ಕಾಫಿ ಕುಡಿದರೂ ಅದು ಮೈಗೆ ಹತ್ತಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ನಿದ್ದೆಗೆ ನಿದ್ದೆಯೊಂದೇ ಮದ್ದು.

ನಮ್ಮ ಗ್ರಾಹಕರಲ್ಲಿ ಅರ್ಧದಷ್ಟು ಜನ ರಾತ್ರಿ ವಿಮಾನ ಹಿಡಿಯಲು ಹೊರಟವರು. ಆ ವಿಮಾನ ಓಡಿಸುವ ಪೈಲಟ್‌ಗಳ ನಿದ್ದೆಗೆ ಸರ್ಕಾರದ ಲೆಕ್ಕ ಇದೆ. 2025ರಲ್ಲಿ ಅವರ ವಾರದ ಬಿಡುವನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದರು. ರಾತ್ರಿ ಎಷ್ಟು ಸಲ ವಿಮಾನ ಇಳಿಸಬಹುದು ಅನ್ನುವುದಕ್ಕೂ ಮಿತಿ ಇದೆ. ವಿಮಾನದ ಬಾಗಿಲ ತನಕ ನಿಮ್ಮನ್ನು 140 ಕಿ.ಮೀ. ಕರೆದುಕೊಂಡು ಹೋಗುವವರ ನಿದ್ದೆ ಮಾತ್ರ ಯಾರ ಲೆಕ್ಕಕ್ಕೂ ಬರಬಾರದಾ? ಬಾಡಿಗೆ ಗಾಡಿಯ ಚಾಲಕರಿಗೂ 1961ರಿಂದ 2025ರ ತನಕ ಒಂದು ಕಾನೂನಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, 5 ಗಂಟೆ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ ಎಂದು ಆ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ನಮ್ಮಲ್ಲಿ ಗಾಡಿ ಮಾಲೀಕರೇ ಚಾಲಕರು. ಹಾಗಾಗಿ ಇಷ್ಟು ದಿನ ಇದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಈಗ ಅದೇ ಮಿತಿಯನ್ನು ಸಂಘದ ಮಿತಿ ಮಾಡಿಕೊಂಡಿದ್ದೇವೆ.

ಸಂಘದ ಸಭೆಯಲ್ಲಿ ಈ ವಿಷಯ ಬಂದಾಗ ಕೆಲವರು ಒಪ್ಪಲಿಲ್ಲ. "ಇಪ್ಪತ್ತು ವರ್ಷದಿಂದ ರಾತ್ರಿ ಓಡಿಸ್ತಿದೀವಿ, ನಮಗೇನೂ ಆಗಿಲ್ಲ" ಎಂದರು. ಆಗ ನಾವು ಮಾತಾಡಿದ್ದು ಮಂಗಳೂರಿನ ಬಜಪೆ ದುರಂತದ ಬಗ್ಗೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ, ಬೆಳಗ್ಗೆ 6 ಗಂಟೆ ದಾಟಿದ ಹೊತ್ತಿಗೆ, ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಜನ ತೀರಿಹೋದರು. ಬದುಕಿದವರು 8 ಜನ. ಆ ಕ್ಯಾಪ್ಟನ್‌ಗೆ 10 ಸಾವಿರ ಗಂಟೆಗೂ ಹೆಚ್ಚು ಹಾರಾಟದ ಅನುಭವ ಇತ್ತು. ಅವರು ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಹೋಗಿದ್ದರು ಎಂದು ತನಿಖೆಯಲ್ಲಿ ಗೊತ್ತಾಯಿತು. ಗಾಢ ನಿದ್ದೆಯಿಂದ ಎದ್ದವರಿಗೆ ಸ್ವಲ್ಪ ಹೊತ್ತು ಮಂಕು ಹಿಡಿದಿರುತ್ತದೆ. ಕಣ್ಣು ತೆರೆದಿದ್ದರೂ ತಲೆ ಓಡುವುದಿಲ್ಲ. ವಿಮಾನ ತೀರಾ ಎತ್ತರದಲ್ಲಿ, ತೀರಾ ವೇಗದಲ್ಲಿ ಬರುತ್ತಿತ್ತು. ಪಕ್ಕದಲ್ಲಿದ್ದ ಕಿರಿಯ ಪೈಲಟ್, ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಒಂದಲ್ಲ, ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು.

ಇದನ್ನು ಹೇಳಿದ ಮೇಲೆ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾವು ಎರಡು ತೀರ್ಮಾನ ಮಾಡಿದೆವು. ಎರಡೂ ಆ ಘಟನೆಯಿಂದಲೇ ಬಂದವು. ಒಂದು, ಚಾಲಕರು ದಾರಿಯಲ್ಲಿ ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿದರೆ, ಎದ್ದ ಕೂಡಲೇ ಸ್ಟೇರಿಂಗ್ ಹಿಡಿಯುವಂತಿಲ್ಲ. ಕೆಳಗಿಳಿದು ಹದಿನೈದು ನಿಮಿಷ ಓಡಾಡಬೇಕು. ಆ ಹೊತ್ತಿನಲ್ಲಿ ನಿಮಗೆ ತಡವಾಗುತ್ತಿದೆ ಅನ್ನಿಸಬಹುದು. ದಯವಿಟ್ಟು ಅವಸರ ಮಾಡಬೇಡಿ. ಇನ್ನೊಂದು ಇದಕ್ಕಿಂತ ದೊಡ್ಡದು. ಗಾಡಿಯಲ್ಲಿ ಕೂತ ಯಾರೇ ಆಗಲಿ, ಚಿಕ್ಕ ಮಗು ಆದರೂ ಸರಿ, "ಅಣ್ಣ, ನಿದ್ದೆ ಬರ್ತಿದ್ಯಾ? ನಿಲ್ಸಿ" ಎಂದರೆ ನಮ್ಮ ಚಾಲಕರು ವಾದ ಮಾಡದೆ ನಿಲ್ಲಿಸಬೇಕು. ಕಂಡಕಂಡಲ್ಲಿ ಅಲ್ಲ, ಮುಂದಿನ ಪೆಟ್ರೋಲ್ ಬಂಕ್‌ನಲ್ಲೋ ಹೋಟೆಲ್ ಮುಂದೆಯೋ. ಎಕ್ಸ್‌ಪ್ರೆಸ್‌ವೇ ಅಂಚಿನಲ್ಲಿ ನಿಂತ ಗಾಡಿಗೆ ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ಕಡಿಮೆಯೇನಲ್ಲ. ಚಾಲಕರ ತಲೆ ಬಗ್ಗುತ್ತಿದ್ದರೆ, ಪದೇ ಪದೇ ಆಕಳಿಸುತ್ತಿದ್ದರೆ, ಗಾಡಿ ಬಿಳಿ ಗೆರೆ ಮೇಲೆ ಹತ್ತಿ ಇಳಿಯುತ್ತಿದ್ದರೆ ಸುಮ್ನೆ ಕೂರಬೇಡಿ. ಅವರಿಗೆ ಬೇಜಾರಾಗುತ್ತದೆ ಎಂಬ ಸಂಕೋಚ ಬೇಡ. ಚಾಲಕರು ತಾವಾಗಿಯೇ "ನನ್ನ ಕೈಲಾಗಲ್ಲ" ಅಂದರೂ ಅವರ ಬಾಟಾ ಕಡಿತ ಆಗುವುದಿಲ್ಲ. ಇನ್ನೊಬ್ಬರನ್ನು ಕಳುಹಿಸುವುದು ಸಂಘದ ಕೆಲಸ.

ಇನ್ನು ನಿಮಗೆ ಬೇಕಾದ ವಿವರ. ರಾತ್ರಿ 11ರಿಂದ ಬೆಳಗ್ಗೆ 5ರ ಒಳಗೆ ಹೊರಡಬೇಕಾದ ಗಾಡಿಯನ್ನು ಆ ರಾತ್ರಿಗೆ ಮುಂಚಿನ ಮಧ್ಯಾಹ್ನ 12ರ ಒಳಗೆ ಹೇಳಿ. ಆಗ ಒಬ್ಬ ಚಾಲಕರನ್ನು ಮನೆಗೆ ಕಳುಹಿಸಿ ಮಲಗಲು ಹೇಳುತ್ತೇವೆ. ದೇವನಹಳ್ಳಿ ಹತ್ತಿರ ಒಂದು ರೂಮು ಬಾಡಿಗೆಗೆ ಹಿಡಿದಿದ್ದೇವೆ. ನಿಮ್ಮನ್ನು ಬಿಟ್ಟವರು ಅಲ್ಲಿ ಮಲಗಿ ಬೆಳಕು ಹರಿದ ಮೇಲೆ ಹೊರಡುತ್ತಾರೆ. ಜಾಸ್ತಿ ಆದ 400 ರೂಪಾಯಿಯಲ್ಲಿ 250 ಚಾಲಕರಿಗೆ, 150 ರೂಮಿನ ಖರ್ಚಿಗೆ. ಸಂಘಕ್ಕೆ ಏನೂ ಉಳಿಯುವುದಿಲ್ಲ. ರಾತ್ರಿ ಹೊರಟು ಬೆಳಗ್ಗೆ ಧರ್ಮಸ್ಥಳದಲ್ಲಿ ದರ್ಶನ ಮಾಡಿ ಅವತ್ತೇ ರಾತ್ರಿ ಮನೆ ಸೇರುವ ಬಾಡಿಗೆಯನ್ನು ಒಬ್ಬ ಚಾಲಕರಿಂದ ಇನ್ನು ಮಾಡಿಸುವುದಿಲ್ಲ. ತಿರುಪತಿಗೂ ಅಷ್ಟೇ. ಇಬ್ಬರು ಚಾಲಕರು ಬೇಕು, ಇಲ್ಲವೇ ನೀವು ಒಂದು ರಾತ್ರಿ ಅಲ್ಲೇ ಉಳಿಯಬೇಕು. ಉಳಿದಾಗ ಚಾಲಕರಿಗೂ ಮಲಗಲು ಒಂದು ಜಾಗ ಕೊಡಿಸಿ. ಗಾಡಿಯ ಸೀಟಿನಲ್ಲಿ ಸೊಳ್ಳೆ ಹೊಡೆದುಕೊಂಡು ಕಳೆದ ರಾತ್ರಿ ನಿದ್ದೆಯ ಲೆಕ್ಕಕ್ಕೆ ಬರುವುದಿಲ್ಲ.

ಆಸ್ಪತ್ರೆಗೆ ಹೋಗಬೇಕಾದಾಗ ಏನು ಮಾಡೋದು ಎಂದು ಹಲವರು ಈಗಾಗಲೇ ಕೇಳಿದ್ದಾರೆ. ಅದಕ್ಕೆಂದೇ ಹಗಲು ಮಲಗಿ ರಾತ್ರಿ ಎಚ್ಚರ ಇರುವ ಇಬ್ಬರು ಚಾಲಕರನ್ನು ಸರದಿ ಮೇಲೆ ಇಟ್ಟಿರುತ್ತೇವೆ. ಆಸ್ಪತ್ರೆ ಬಾಡಿಗೆಗೆ ಹೆಚ್ಚಿನ ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಎದೆನೋವು, ಉಸಿರಾಟದ ತೊಂದರೆ, ಹೆರಿಗೆ ನೋವು ಇದ್ದರೆ ಮೊದಲು 108ಕ್ಕೆ ಫೋನ್ ಮಾಡಿ. ಅದರಲ್ಲಿ ಆಕ್ಸಿಜನ್ ಇರುತ್ತದೆ, ತರಬೇತಿ ಆದವರು ಇರುತ್ತಾರೆ. ನಮ್ಮ ಕಾರಿನಲ್ಲಿ ಅದೆಲ್ಲ ಇಲ್ಲ.

ನಮ್ಮ ಜಿಲ್ಲೆಯ ರಸ್ತೆಗಳ ಬಗ್ಗೆಯೂ ಒಂದು ಮಾತು. ಕಬ್ಬು ಕಡಿಯುವ ಕಾಲದಲ್ಲಿ ರಾತ್ರಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು, ಎತ್ತಿನ ಗಾಡಿಗಳು ಹಳ್ಳಿ ರಸ್ತೆ ತುಂಬ ಇರುತ್ತವೆ. ಹಿಂದೆ ಲೈಟ್ ಇರುವುದಿಲ್ಲ. ಇದ್ದರೂ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಎದುರಿನವರ ಹೈಬೀಮ್ ಕಣ್ಣಿಗೆ ಹೊಡೆದಾಗ ಮುಂದಿರುವ ಟ್ರೈಲರ್ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಹಾಗಾಗಿ ಹಳ್ಳಿ ರಸ್ತೆಯಲ್ಲಿ ನಮ್ಮ ಗಾಡಿ ರಾತ್ರಿ 40 ದಾಟುವುದಿಲ್ಲ. ನಮ್ಮಲ್ಲಿ ರೈತರೂ ಗ್ರಾಹಕರಿದ್ದೀರಿ. ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿಕೊಳ್ಳಿ. ಆಫೀಸಿಗೆ ಬಂದರೆ ನಾವೇ ಕೊಡುತ್ತೇವೆ, ದುಡ್ಡು ಬೇಡ.

ನಾಲೆ ಏರಿ ಮೇಲಿನ ರಸ್ತೆಯಲ್ಲಿ, ಎಷ್ಟೇ ಹತ್ತಿರದ ದಾರಿ ಆದರೂ, ಕತ್ತಲಾದ ಮೇಲೆ ಹೋಗುವುದಿಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ವಿ.ಸಿ. ನಾಲೆಗೆ ಬಸ್ ಬಿದ್ದು 30 ಜನ ಹೋದರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದು ಹಟ್ಟಹಗಲಲ್ಲೇ ಆಗಿದ್ದು. ಆ ದಿನ ನೆನೆದರೆ ಮಂಡ್ಯದವರಿಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಅಲ್ವಾ?

ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 100ರ ತನಕ ಅವಕಾಶ ಇದೆ. ನಮ್ಮ ಕಾರು 90, ಟಿಟಿ (ಟೆಂಪೋ ಟ್ರಾವೆಲರ್) 80 ದಾಟುವುದಿಲ್ಲ. 80 ಕಿ.ಮೀ. ದಾರಿಗೆ 100ರ ಬದಲು 90ರಲ್ಲಿ ಹೋದರೆ ತಡವಾಗುವುದು ಐದು ನಿಮಿಷ ಅಷ್ಟೇ.

ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು. ಎಲ್ಲರೂ ಹಾಕುವ ತನಕ ಗಾಡಿ ಹೊರಡುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡಾಗ ಅವರು ಕೂತಿದ್ದದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಕಾರು ದುಬಾರಿಯದೇ ಆಗಿತ್ತು. ಮಕ್ಕಳನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳಲು ಬಿಡುವುದಿಲ್ಲ. ಅತ್ತರೂ, ಹಟ ಮಾಡಿದರೂ ಬಿಡುವುದಿಲ್ಲ. ಚಿಕ್ಕ ಮಕ್ಕಳಿಗೆ ಬೇಕಾದ ಸೀಟು ಸಂಘದಲ್ಲಿ ಎರಡಿವೆ. ಬುಕ್ ಮಾಡುವಾಗಲೇ ಮಗುವಿನ ವಯಸ್ಸು ಹೇಳಿದರೆ ಕಟ್ಟಿಸಿ ಕಳುಹಿಸುತ್ತೇವೆ.

ಹೊಸ ದರ ಕಷ್ಟ ಅನ್ನಿಸುವವರು ದಯವಿಟ್ಟು ಆಫೀಸಿಗೆ ಬಂದು ಮಾತಾಡಿ. ಒಂದೇ ಹೊತ್ತಿಗೆ ಏರ್‌ಪೋರ್ಟಿಗೆ ಹೊರಟ ಎರಡು ಮನೆಯವರನ್ನು ಅವರ ಒಪ್ಪಿಗೆ ಕೇಳಿ ಒಂದೇ ಗಾಡಿಯಲ್ಲಿ ಕಳುಹಿಸುವ ಏರ್ಪಾಡು ಮಾಡುತ್ತಿದ್ದೇವೆ. ನಿಮ್ಮ ಹೊತ್ತಿಗೆ ಹೊಂದಿದರೆ ಮೈಸೂರಿನಿಂದ ಕೆಎಸ್ಆರ್‌ಟಿಸಿಯ ಫ್ಲೈಬಸ್ ಕೂಡ ಇದೆ. ಅದರಲ್ಲಿ ಹೋದರೆ ನಮಗೆ ಬೇಸರ ಇಲ್ಲ. ಸ್ನೇಹಿತರ ಕಾರೋ, ಬೇರೆ ಬಾಡಿಗೆ ಗಾಡಿಯೋ ಹಿಡಿದರೂ ಹೊರಡುವ ಮುಂಚೆ ಓಡಿಸುವವರನ್ನು ಒಂದು ಮಾತು ಕೇಳಿ: "ನಿನ್ನೆ ರಾತ್ರಿ ಮಲಗಿದ್ರಾ?"

ಈಗಾಗಲೇ ಬುಕ್ ಮಾಡಿರುವವರಿಗೆ ಹಳೆಯ ದರವೇ ಇರುತ್ತದೆ. ನಿದ್ದೆಯ ನಿಯಮ ಮಾತ್ರ ಅವರ ಗಾಡಿಗೂ ಸೇರಿ ಎಲ್ಲಕ್ಕೂ 1ನೇ ತಾರೀಕಿನಿಂದಲೇ ಜಾರಿ.

ಇಂತಿ,
ಕಾರ್ಯದರ್ಶಿ ಮತ್ತು ಎಲ್ಲ ಸದಸ್ಯ ಚಾಲಕರು
ಚಾಲಕರ ಸಹಕಾರ ಸಂಘ, ಮಂಡ್ಯ