ಜೇನಿಗೆ ಎರಡು ಲೆಕ್ಕಪುಸ್ತಕ ಬೇಕು

ಸಂಪಾದಕರಿಗೆ,

ಮಾನ್ಯರೇ,

ಮೇ 20ರ ವಿಶ್ವ ಜೇನು ದಿನ ಬಂತೆಂದರೆ, ಜೇನು ಅಳಿದ ನಾಲ್ಕೇ ವರ್ಷಕ್ಕೆ ಮನುಷ್ಯನೂ ಅಳಿಯುತ್ತಾನೆ ಎಂಬ ಮಾತು ಐನ್‌ಸ್ಟೀನ್ ಹೆಸರಿನಲ್ಲಿ ವೇದಿಕೆ ಹತ್ತುತ್ತದೆ, ಪತ್ರಿಕೆಗೂ ಬರುತ್ತದೆ. ಅವರು ಹಾಗೆಂದದ್ದಕ್ಕೆ ದಾಖಲೆಯಿಲ್ಲ. ಮಾತೂ ನಿಜವಲ್ಲ. ಭತ್ತ, ರಾಗಿ, ಜೋಳಕ್ಕೆ ಜೇನು ಬೇಡ. ಗಾಳಿ ಸಾಕು, ಇಲ್ಲವೇ ಹೂವಿನೊಳಗೇ ಕೆಲಸ ಮುಗಿದಿರುತ್ತದೆ. ಜೇನಿಲ್ಲದ ಊರಲ್ಲೂ ಅನ್ನ, ಮುದ್ದೆ, ರೊಟ್ಟಿ ಇರುತ್ತವೆ. ಕಡಿಮೆಯಾಗುವುದು ಅವುಗಳ ಜೊತೆಗೆ ಬಡಿಸುವ ಪಲ್ಯ, ಹಣ್ಣು, ಎಣ್ಣೆ. ಹೀಗೆಂದರೆ ಭಾಷಣಕ್ಕೆ ಕಳೆ ಬಾರದು, ಆದರೆ ರೈತ ನಂಬುತ್ತಾನೆ.

ಸೌತೆ, ಕುಂಬಳ, ಹಾಗಲ, ಕಲ್ಲಂಗಡಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಅವುಗಳ ಪರಾಗ ಅಂಟು ಅಂಟು, ಗಾಳಿಗೆ ಹಾರುವುದಿಲ್ಲ. ಕುಂಬಳದ ಹೂ ನಸುಕಿಗೆ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಆ ಮೂರ್ನಾಲ್ಕು ಗಂಟೆಯಲ್ಲಿ ಹುಳ ಬರಬೇಕು, ಒಂದಲ್ಲ, ಹಲವು ಸಲ. ಬಾರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಅರೆಬರೆ ಪರಾಗ ಸಿಕ್ಕ ಸೌತೆ ಒಂದು ತುದಿ ಸಣ್ಣಗಾಗಿ ಕೊಕ್ಕೆಯಂತೆ ಬಾಗುತ್ತದೆ. ಒಳಗೆ ಬೀಜ ಕಟ್ಟದ ಕಡೆ ತಿರುಳೂ ಬೆಳೆಯದು. ಎಷ್ಟೋ ಜನ ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುತ್ತಾರೆ, ಉಳಿದಿದ್ದ ಹುಳವೂ ಸಾಯುತ್ತದೆ. ಎಲ್ಲ ಬಳ್ಳಿಗೂ ಜೇನೇ ಬರುತ್ತದೆಂದೂ ಅಲ್ಲ. ಸೋರೆಯ ಬಿಳಿ ಹೂ ಸಂಜೆ ಅರಳುತ್ತದೆ, ಅದರ ನೆಂಟರು ಪತಂಗಗಳು. ಬದನೆ, ಟೊಮೆಟೊದ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕಾದರೆ ಹೂವನ್ನು ಹಿಡಿದು ಝೇಂಕರಿಸಿ ನಡುಗಿಸಬೇಕು. ಆ ವಿದ್ಯೆ ಜೇನಿಗೆ ಗೊತ್ತಿಲ್ಲ. ಒಣ ಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿಗೆ ಗೊತ್ತು. ಆದ್ದರಿಂದ ಬೇಲಿಯ ಒಣ ಮರವನ್ನೂ ಸ್ವಲ್ಪ ಉಳಿಸಿ.

ಕಾಫಿಯಲ್ಲಿ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾ ಹಾಗಲ್ಲ, ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವಿಡೀ ಒಟ್ಟಿಗೆ ಬಿಳಿಯಾಗುತ್ತದೆ, ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಗಾಳಿ ಸ್ವಲ್ಪ ಕೆಲಸ ಮಾಡುತ್ತದೆ, ಉಳಿದದ್ದು ಕಾಡಿನ ಹೆಜ್ಜೇನು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಪಾಲು. ಆ ದಿನಗಳಲ್ಲಿ ಸ್ಪ್ರಿಂಕ್ಲರ್ ಓಡಿಸಿದರೆ ಪರಾಗ ತೊಳೆದುಹೋಗುತ್ತದೆ, ಹುಳವೂ ಇಳಿಯುವುದಿಲ್ಲ. ಏಲಕ್ಕಿಯ ಹೂವಿಗೆ ಒಂದೇ ದಿನದ ಆಯಸ್ಸು. ಅದು ಬಹುಮಟ್ಟಿಗೆ ಅರಳುವುದು ಮಳೆಗಾಲದಲ್ಲಿ, ಅಂದರೆ ಜೇನು ಕುಟುಂಬ ಬಡವಾಗಿರುವ ಹೊತ್ತಿನಲ್ಲಿ. ಬಯಲುಸೀಮೆಯ ಸೂರ್ಯಕಾಂತಿ ತೆನೆಯ ನಡುವೆ ಜೊಳ್ಳು ಹೆಚ್ಚಾದರೆ ಗೊಬ್ಬರದ ಕೊರತೆಯ ಜೊತೆಗೆ ಹುಳದ ಕೊರತೆಯನ್ನೂ ನೋಡಬೇಕು. ಎಕರೆಗೆ ಎರಡು ಜೇನು ಪೆಟ್ಟಿಗೆ ಇಟ್ಟರೆ ಒಳ್ಳೆಯದು. ಅದಾಗದಿದ್ದರೆ ಬೆಳಿಗ್ಗೆ 8ರಿಂದ 11ರೊಳಗೆ ತೆಳು ಬಟ್ಟೆಯಿಂದ ದಿನ ಬಿಟ್ಟು ದಿನ ತೆನೆಗಳನ್ನು ಮೆಲ್ಲಗೆ ಸವರಬೇಕು. ಆ ಕೂಲಿಯನ್ನು ಒಮ್ಮೆ ಲೆಕ್ಕ ಹಾಕಿದರೆ ಜೇನು ಮಾಡುವ ಕೆಲಸದ ಬೆಲೆ ತಾನಾಗಿ ತಿಳಿಯುತ್ತದೆ.

ಆದರೆ ಸರ್ಕಾರಿ ಲೆಕ್ಕದಲ್ಲಿ ಜೇನೆಂದರೆ ಕಿಲೋ ಜೇನುತುಪ್ಪ. ಎಡವಟ್ಟು ಇಲ್ಲೇ. ಸುಳ್ಯ, ಪುತ್ತೂರು ಕಡೆ ಒಂದು ದೊಡ್ಡ ಪಾಲು ತುಪ್ಪ ರಬ್ಬರ್ ತೋಟದ್ದು. ಎಲೆ ಉದುರಿ ಜನವರಿ ಕೊನೆಯಿಂದ ಹೊಸ ಚಿಗುರು ಬಂದಾಗ, ಮೂರು ಎಲೆ ಕೂಡುವ ತೊಟ್ಟಿನ ತುದಿಯಿಂದ ಸಿಹಿ ಒಸರುತ್ತದೆ. ಅದು ಹೂವಿನ ಮಕರಂದವೇ ಅಲ್ಲ. ತುಪ್ಪ ಭರ್ತಿಯಾಯಿತು, ಪರಾಗಸ್ಪರ್ಶ ಸೊನ್ನೆ. ಅತ್ತ ಏಲಕ್ಕಿ ತೋಟದ ಪೆಟ್ಟಿಗೆ ಮಳೆಗಾಲದಲ್ಲಿ ಒಂದು ಚಮಚ ತುಪ್ಪ ಕೊಡದೆಯೂ ಯಜಮಾನನ ಫಸಲು ಏರಿಸಿರುತ್ತದೆ. ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಎರಡನೆಯ ಪೆಟ್ಟಿಗೆ ನಷ್ಟದ ಬಾಬ್ತಾಗಿ ಕಾಣುತ್ತದೆ.

ಕಿಲೋ ಲೆಕ್ಕದ ಇನ್ನೊಂದು ಫಲ, ಸರ್ಕಾರ ಪೆಟ್ಟಿಗೆ ಹಂಚುವ ವೇಳೆ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ಕೊನೆಗೆ ಕುಟುಂಬ ಸಮೇತ ಪೆಟ್ಟಿಗೆ ಕೈಗೆ ಬಂದರೆ ಹೊಸಬನಿಗೆ ಎರಡೇ ತಿಂಗಳ ಕಾಲ. ಹುಳ ಮೇಣದ ಎರಿ ಕಟ್ಟಿ ಮರಿ ಬೆಳೆಸುವಷ್ಟರಲ್ಲಿ ಜೂನ್ ಬರುತ್ತದೆ. ಆಸೆಗೆ ಬಿದ್ದು ಮೇ ತಿಂಗಳಲ್ಲಿ ಮರಿ ಬೆಳೆಯುವ ಕೆಳಗಿನ ಸಂಸಾರ ಕೋಣೆಯ ತುಪ್ಪವನ್ನೂ ಹಿಂಡಿದ್ದರೆ ಕತೆ ಅಲ್ಲಿಗೇ ಮುಗಿಯಿತು. ತುಡುವೆ ಹಸಿವಿನಲ್ಲಿ ಕಾಯುತ್ತ ಕೂರುವ ಜಾತಿಯಲ್ಲ, ಗೂಡು ಬಿಟ್ಟು ಪರಾರಿಯಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಕುಟುಂಬ ಕೊಡಬೇಕಾದದ್ದು ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಆಗ ಕುಟುಂಬ ಬೆಳೆಯುತ್ತದೆ, ಪಾಲಾಗುತ್ತದೆ, ಕಲಿಯುವವನಿಗೂ ಪುರುಸೊತ್ತು ಸಿಗುತ್ತದೆ.

ಪೆಟ್ಟಿಗೆಯ ಅಳತೆಯನ್ನೂ ಯಾರಾದರೂ ಅಡಿಕೋಲು ಹಿಡಿದು ನೋಡಬೇಕು. ತುಡುವೆಗೆ ಚೌಕಟ್ಟುಗಳ ನಡುವೆ, ಗೋಡೆಯ ಪಕ್ಕ ಬಿಡುವ ಸಂದು 7ರಿಂದ 9 ಮಿಲಿಮೀಟರ್. ಹೆಚ್ಚಾದರೆ ಹುಳ ಅಲ್ಲಿ ಅಡ್ಡ ಎರಿ ಕಟ್ಟುತ್ತದೆ, ಚೌಕಟ್ಟು ಎತ್ತಿದಾಗ ಮರಿ ಹರಿದು ರಾಣಿಯೂ ಜಜ್ಜಿ ಹೋಗಬಹುದು. ಕಡಿಮೆಯಾದರೆ ಹುಳ ನುಗ್ಗಲಾರದು, ಎರಿ ತಿನ್ನುವ ಮೇಣದ ಚಿಟ್ಟೆಗೆ ಅಡಗುತಾಣವಾಗುತ್ತದೆ. ಹಸಿ ಮರದ ಪೆಟ್ಟಿಗೆ ಮೊದಲ ಬೇಸಿಗೆಗೇ ಸೊಟ್ಟಗಾಗುತ್ತದೆ.

ಮಳೆಗಾಲದ ಆರೈಕೆ ಕಷ್ಟದ್ದೇನಲ್ಲ, ತಪ್ಪಿಸುವಂತಿಲ್ಲ ಅಷ್ಟೆ. ಮೇಲಿನ ಜೇನು ಕೋಣೆ ತೆಗೆದಿಡಿ. ಹುಳ ಮುಚ್ಚಿಕೊಳ್ಳಲಾರದ ಎರಿಯನ್ನೂ ಹೊರತೆಗೆಯಿರಿ, ಏಕೆಂದರೆ ಕಾವಲಿಲ್ಲದ ಕಪ್ಪು ಎರಿಗೇ ಚಿಟ್ಟೆ ಮೊಟ್ಟೆ ಇಡುವುದು. ಅಡಿಹಲಗೆಯ ಕಸವನ್ನು ವಾರಕ್ಕೊಮ್ಮೆ ಕೆರೆದು ತೆಗೆದರೆ ಅರ್ಧ ಪೀಡೆ ಹೋಯಿತು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲಿರಲಿ, ಇರುವೆ ಹತ್ತದಂತೆ. ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆಯನ್ನು ಅಷ್ಟೇ ತೂಕದ ನೀರಲ್ಲಿ ಕರಗಿಸಿ, ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯೊಳಗೇ ಇಡಿ, ಹುಳ ಮುಳುಗದಂತೆ ನಾಲ್ಕು ಕಡ್ಡಿ ತೇಲಿಬಿಡಿ. ಹಗಲಲ್ಲಿ ಕೊಟ್ಟರೆ, ಹೊರಗೆ ಚೆಲ್ಲಿದರೆ ಪಕ್ಕದ ಪೆಟ್ಟಿಗೆಯವು ನುಗ್ಗಿ ಕೊಳ್ಳೆ ಹೊಡೆದು ಎರಡೂ ಕಡೆ ಹೆಣ ಬೀಳುತ್ತದೆ. ತುಪ್ಪದ ಕಾಲ ಶುರುವಾಗಿ ಜೇನು ಕೋಣೆ ಏರಿಸಿದ ಮೇಲೆ ಸಕ್ಕರೆ ಕೊಟ್ಟರೆ ಅದು ಆರೈಕೆಯಲ್ಲ, ಕಲಬೆರಕೆ.

1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ಕೊಡಗು, ದಕ್ಷಿಣ ಕನ್ನಡದ ಬಹುಪಾಲು ತುಡುವೆ ಕುಟುಂಬಗಳು ನಾಶವಾದವು. ಮರಿ ಎರಿಯಲ್ಲೇ ಉದ್ದಕ್ಕೆ ಸತ್ತಿರುತ್ತದೆ; ಚಿಮುಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಇದಕ್ಕೆ ಔಷಧವಿಲ್ಲ. ರೋಗದ ಕುಟುಂಬದ ಎರಿಯನ್ನು ಬೇರೆಯದಕ್ಕೆ ಹಾಕಬಾರದು, ರೋಗ ತಡೆದು ನಿಂತ ಕುಟುಂಬದಿಂದಲೇ ಹೊಸ ರಾಣಿ ಎಬ್ಬಿಸಬೇಕು. ಹಂಚುವ ಕುಟುಂಬ ಎಲ್ಲಿಂದ ಬಂತು ಎಂಬುದು ಅದಕ್ಕೇ ಮುಖ್ಯ. ದೂರದೂರಿಂದ ಲಾರಿಯಲ್ಲಿ ತಂದರೆ ರೋಗವೂ ಬಾಡಿಗೆ ಕೊಡದೆ ಬರುತ್ತದೆ.

ಸಿಂಪಡಣೆಯ ವಿಷಯ ತಕರಾರಿನದ್ದು, ಆದರೂ ಹೇಳಲೇಬೇಕು. ಔಷಧಿ ಬಿಡಿ ಎಂದರೆ ಯಾರೂ ಕೇಳರು, ವೇಳೆ ಬದಲಿಸಿ ಎಂದರೆ ಕೇಳುವವರಿದ್ದಾರೆ. ಹೂ ಬಿಟ್ಟ ಬೆಳೆಗೆ ಹೊಡೆಯಲೇಬಾರದು. ಅನಿವಾರ್ಯವಾದರೆ ಸಂಜೆ, ಹುಳ ಗೂಡು ಸೇರಿದ ಮೇಲೆ. ದ್ರಾವಣಕ್ಕಿಂತ ಪುಡಿ ಅಪಾಯಕಾರಿ, ಅದು ಪರಾಗದ ಜೊತೆ ಗೂಡಿನೊಳಕ್ಕೆ ಹೋಗಿ ಮರಿಗಳ ಬಾಯಿಗೆ ಬೀಳುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಕೀಟನಾಶಕಗಳು ಗಿಡದ ರಸಕ್ಕೇ ಸೇರುವುದರಿಂದ ಸಂಜೆಯ ಉಪಾಯ ಅವುಗಳಿಗೆ ಸಾಲದು. ಯುರೋಪಿಯನ್ ಒಕ್ಕೂಟ ಇವನ್ನು ಬಯಲಿನ ಬೆಳೆಗಳಿಗೆ ಬಳಸದಂತೆ 2018ರಲ್ಲೇ ತಡೆಯಿತು. ಹೊಡೆಯುವ ಮುನ್ನಾದಿನ ಪಕ್ಕದ ಜೇನು ಸಾಕುವವರಿಗೆ ಒಂದು ಫೋನ್ ಮಾಡಿದರೆ ಅವರು ರಾತ್ರಿಯೇ ಬಾಗಿಲಿಗೆ ಜಾಲರಿ ಕಟ್ಟಿ ಪೆಟ್ಟಿಗೆ ದೂರ ಒಯ್ಯಬಹುದು. ಹಗಲಲ್ಲಿ ಬಾಗಿಲು ಮುಚ್ಚಿಟ್ಟರೆ ಸೆಕೆಗೆ ಎರಿ ಕರಗಿ ಎಲ್ಲವೂ ಸಾಯುತ್ತವೆ.

ಪೇಟೆಯ ಅಪಾರ್ಟ್‌ಮೆಂಟುಗಳಲ್ಲಿ ಹೆಜ್ಜೇನು ಕಂಡ ರಾತ್ರಿಯೇ ಬೆಂಕಿ ಹಚ್ಚುವವರಿಗೆ ಒಂದು ಮಾತು: ಅದು ವಲಸೆಯ ಹುಳ, ಕೆಲವು ತಿಂಗಳಿದ್ದು ತಾನೇ ಹೊರಡುತ್ತದೆ. ಗೂಡಿನ ಕಡೆಗಿನ ದೀಪ ಆರಿಸಿ, ಆ ಬಾಲ್ಕನಿಗೆ ಪರದೆ ಎಳೆದರೆ ಬಹಳಷ್ಟು ಸಲ ಅಷ್ಟೇ ಸಾಕು.

ತಮ್ಮ ವರದಿಗಾರರಲ್ಲಿ ಒಂದು ವಿನಂತಿ. ಮುಂದಿನ ಸಲ ಇಷ್ಟು ಪೆಟ್ಟಿಗೆ ಹಂಚಿದೆವು ಎಂಬ ಅಂಕಿ ಕೈಗೆ ಬಂದಾಗ ಇನ್ನೊಂದು ಅಂಕಿಯನ್ನೂ ಕೇಳಿ ಪಡೆದು ಪ್ರಕಟಿಸಲಿ: ಹಿಂದಿನ ವರ್ಷ ಹಂಚಿದ ಪೆಟ್ಟಿಗೆಗಳಲ್ಲಿ, ಮಳೆಗಾಲ ಕಳೆದ ಅಕ್ಟೋಬರಿನಲ್ಲಿ ಮುಚ್ಚಳ ತೆರೆದಾಗ, ಎಷ್ಟರಲ್ಲಿ ಹುಳ ಇತ್ತು?

ಇಂತಿ,
ತುಡುವೆ ಜೇನು ಸಾಕಣೆದಾರರೊಬ್ಬರು
ಸುಳ್ಯ ತಾಲ್ಲೂಕು, ದಕ್ಷಿಣ ಕನ್ನಡ