ಅವಳಿ ನಗರಕ್ಕೆ ಒಂದೇ ಟಿಕೆಟ್ ಬೇಕು

ಮಾನ್ಯ ಸಂಪಾದಕರೆ,

ಕಳೆದ ವಾರ ಕಣ್ಣಿನ ತಪಾಸಣೆಗೆಂದು ಅಪ್ಪನನ್ನು ಧಾರವಾಡದ ಕೆಲಗೇರಿಯಿಂದ ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಜುಬಿಲಿ ವೃತ್ತದವರೆಗೆ ಸಿಟಿ ಬಸ್ಸು, ಅಲ್ಲಿಂದ ಹುಬ್ಬಳ್ಳಿ ರೈಲು ನಿಲ್ದಾಣದವರೆಗೆ ಅವಳಿ ನಗರದ ತ್ವರಿತ ಬಸ್ಸು ಚಿಗರಿ, ಮುಂದೆ ಮತ್ತೆ ಸಿಟಿ ಬಸ್ಸು. ಸುಮಾರು 22 ಕಿಲೋಮೀಟರಿನ ತನ್ನದೇ ಪಥದಲ್ಲಿ ಓಡುವ ಚಿಗರಿ ಎರಡು ಊರುಗಳ ನಡುವಿನ ದಾರಿಯನ್ನು ಆಯಾಸವಿಲ್ಲದೆ ಮುಗಿಸಿತು. ಆದರೆ ಅದರ ಆಚೆ ಈಚೆಯ ಸ್ವಲ್ಪ ದೂರಕ್ಕಾಗಿ ನೆರಳಿಲ್ಲದ, ವೇಳಾಪಟ್ಟಿಯೂ ಇಲ್ಲದ ತಂಗುದಾಣಗಳಲ್ಲಿ ನಾವು ಕಾದದ್ದೇ ಒಂದು ತಾಸಿನ ಮೇಲಾಯಿತು. ಮೂರು ಬಸ್ಸಿನ ಮೂರು ಚೀಟಿಗಳನ್ನು ಜೇಬಿನಿಂದ ತೆಗೆದು, ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು, ಯಾವುದು ಯಾವುದರದೆಂದು ಅಪ್ಪ ಕೇಳುತ್ತಿದ್ದರು.

ಹಲವು ಊರುಗಳ ಬಸ್ಸುಗಳನ್ನು ಒಂದಾಗಿ ಹೊಂದಿಸುವುದು ಹೇಗೆಂಬುದಕ್ಕೆ ಒಂದು ಉದಾಹರಣೆ ಇದೆ. ಅಮೆರಿಕದ ಸಿಯಾಟಲ್ ನಗರವಿರುವ ಕಿಂಗ್ ಕೌಂಟಿ ನಮ್ಮ ಜಿಲ್ಲೆಯಂಥದೇ ಆಡಳಿತ ಘಟಕ. ಅದರಲ್ಲಿ 39 ನಗರ, ಪಟ್ಟಣಗಳಿವೆ. ಊರೊಳಗಿನ ಬಸ್ಸು, ಊರಿಂದೂರಿಗೆ ಹೋಗುವ ಬಸ್ಸು, ಸಾಮಾನ್ಯ ಬಸ್ಸು ಹತ್ತಲಾಗದ ಅಂಗವಿಕಲರ ವಾಹನ ಇವನ್ನೆಲ್ಲ ಕೌಂಟಿಯ ‘ಮೆಟ್ರೋ’ ಎಂಬ ಸಾರಿಗೆ ಇಲಾಖೆಯೇ ನಡೆಸುತ್ತದೆ. 2009ರಲ್ಲಿ ಬಂದ ಓರ್ಕಾ ಕಾರ್ಡಿನಿಂದ ಒಮ್ಮೆ ಹಣ ಕೊಟ್ಟರೆ, ಎರಡು ತಾಸಿನೊಳಗೆ ಇನ್ನೊಂದು ಬಸ್ಸನ್ನೋ ಬೇರೆ ಸಂಸ್ಥೆಯ ರೈಲನ್ನೋ ಹತ್ತಿದರೂ ಆ ಹಣ ಮುಂದಿನ ಪ್ರಯಾಣದ ಲೆಕ್ಕಕ್ಕೆ ಸೇರುತ್ತದೆ. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಹೊಣೆಗಾರಿಕೆ: ಯಾವ ಮಾರ್ಗದಲ್ಲಿ ನೂಕುನುಗ್ಗಲಿದೆ, ಯಾವುದು ತಡವಾಗುತ್ತಿದೆ ಎಂಬ ಲೆಕ್ಕ ಅಲ್ಲಿ ಜನರೆದುರು ಬರುತ್ತದೆ, ಮಾರ್ಗಗಳ ದೊಡ್ಡ ಬದಲಾವಣೆಗೆ ಚುನಾಯಿತ ಕೌಂಟಿ ಕೌನ್ಸಿಲ್ಲಿನ ಒಪ್ಪಿಗೆ ಬೇಕಾಗುತ್ತದೆ.

ಮಾರಾಟ ತೆರಿಗೆಯ ಒಂದು ಪಾಲು ಅಲ್ಲಿ ನೇರವಾಗಿ ಸಾರಿಗೆಗೆ ಸಲ್ಲುತ್ತದೆ. ಅಂಥ ಆದಾಯ ನಮಗಿಲ್ಲ, ನಿಜ. ಆದರೆ ನಮ್ಮಲ್ಲಿ ಪಥ ಕಟ್ಟಿದವರು ಒಬ್ಬರು, ಬಸ್ಸು ಓಡಿಸುವವರು ಇನ್ನೊಬ್ಬರು, ರಸ್ತೆ ಬದಿಯ ತಂಗುದಾಣ ಮತ್ತೊಬ್ಬರದು ಎಂದಿರುವಾಗ, ಬಿಸಿಲಲ್ಲಿ ನಿಂತ ಮುದುಕರ ದೂರನ್ನು ಕೇಳಬೇಕಾದವರು ಯಾರೆಂಬುದೇ ತಿಳಿಯುವುದಿಲ್ಲ. ಇದನ್ನು ಸರಿಪಡಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ.

ಚಿಗರಿ ಹಾಗೂ ಸಿಟಿ ಬಸ್ಸುಗಳೆರಡಕ್ಕೂ ಎರಡು ತಾಸು ಸಲ್ಲುವ ಒಂದೇ ಟಿಕೆಟ್ ಬರಲಿ, ಚಿಗರಿ ಬರುವ ಹೊತ್ತಿಗೆ ಹೊಂದುವಂತೆ ಬಡಾವಣೆಗಳ ಬಸ್ಸು ಹೊರಡಲಿ, ಮಾರ್ಗವಾರು ಲೆಕ್ಕವನ್ನು ವರ್ಷಕ್ಕೊಮ್ಮೆ ಮಹಾನಗರ ಪಾಲಿಕೆಯ ಸಾಮಾನ್ಯ ಸಭೆಯ ಮುಂದಿಡಲಿ ಎಂದು ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಅಪ್ಪನ ಮುಂದಿನ ತಪಾಸಣೆ ಮೂರು ತಿಂಗಳಿಗಿದೆ.

– ಒಬ್ಬ ಪ್ರಯಾಣಿಕ, ಕೆಲಗೇರಿ, ಧಾರವಾಡ